ದೀಪದ ಸುತ್ತಿನ ಬಳೆ

ಮೊದಲ ಸಲ ಅದನ್ನು ಕಂಡದ್ದು ಒಂದು ಶುಕ್ರವಾರ ಸಂಜೆ, ದೇವರ ಮುಂದೆ ದೀಪ ಹಚ್ಚಿ, ಕೈಮುಗಿದು ತಲೆ ಎತ್ತಿದಾಗ. ಜ್ಯೋತಿಯ ಸುತ್ತ ಒಂದು ಬಳೆ. ತೆಳ್ಳಗಿನ, ಗುಂಡನೆಯ ಬಳೆ. ಒಳಗೆ ಹಳದಿ, ಅದರಾಚೆ ತುಸು ಹಸಿರು, ಹೊರ ಅಂಚಿಗೆ ಕೆಂಪು. ಗಾಜಿನ ಬಳೆಯನ್ನು ಬಿಸಿಲಿಗೆ ಹಿಡಿದಾಗ ಒಂದು ಹೊಳಪು ಬರುತ್ತದಲ್ಲ, ಹಾಗೆ. ರೆಪ್ಪೆ ಬಡಿದೆ, ಹೋಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ, ಹೋಗಲಿಲ್ಲ. ಬಲಗಣ್ಣು ಮುಚ್ಚಿದರೆ ಮಾತ್ರ ಬಳೆ ಸ್ವಲ್ಪ ಮಂಕಾಯಿತು.

ಆಗ ನನಗೆ ನಲವತ್ತಮೂರು. ಪ್ರತಾಪ ನಗರದಲ್ಲಿ ಮೂರನೆಯ ಮಹಡಿಯ ಮನೆ. ಬ್ಯಾಂಕಿನಲ್ಲಿರುವ ಯಜಮಾನರು, ಶಾಲೆಯೊಂದರಲ್ಲಿ ಕಲಿಸುವ ಮಗಳು, ಎಪ್ಪತ್ತೆಂಟರ ಅತ್ತೆ, ನಾನು. ಬಾಗಲಕೋಟೆ ಕಡೆಯಿಂದ ವರ್ಗವಾಗಿ ನಾಗಪುರಕ್ಕೆ ಬಂದವರು ಇಲ್ಲೇ ಉಳಿದುಬಿಟ್ಟೆವು.

ನನಗೊಂದು ರೂಢಿ ಇದೆ. ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಮೂರು ಉಪಕಾರ ಎಣಿಸುತ್ತೇನೆ. ದೊಡ್ಡವೇ ಆಗಬೇಕೆಂದಿಲ್ಲ. ಹಾಲು ಒಡೆಯಲಿಲ್ಲ. ಲಿಫ್ಟು ನಡೆಯುತ್ತಿತ್ತು. ಭುಜ ಜಾರಲಿಲ್ಲ. ಮೂರಕ್ಕೆ ನಿಲ್ಲಿಸುವುದು ನಮ್ಮವ್ವನಿಂದ ಕಲಿತದ್ದು. ಜಾಸ್ತಿ ಎಣಿಸಿದರೆ ಜಂಬ, ಕಡಿಮೆ ಎಣಿಸಿದರೆ ಗೊಣಗು ಎನ್ನುತ್ತಿದ್ದಳು. ಆ ಸಂಜೆ ನಾನು ಒಂದನ್ನೇ ಎಣಿಸಿದೆ. ದೇವರು ನನಗೊಂದು ಬಳೆ ತೋರಿಸಿದ.

ಯಾರಿಗೂ ಹೇಳಲಿಲ್ಲ. ಸಿಕ್ಕ ಪ್ರಸಾದವನ್ನು ಊರಿಗೆಲ್ಲ ತೋರಿಸಿ ತಿನ್ನುತ್ತಾರೆಯೇ? ದಿನವೂ ಸಂಜೆ ಹಸಿದವಳಂತೆ ದೀಪದ ಮುಂದೆ ಕೂರುತ್ತಿದ್ದೆ. ಬಳೆ ತಪ್ಪದೆ ಬರುತ್ತಿತ್ತು. ಎಣ್ಣೆದೀಪಕ್ಕೆ ಹೇಗೆ, ತುಪ್ಪದ ದೀಪಕ್ಕೆ ಹೇಗೆ ಎಂದು ಎರಡನ್ನೂ ಹಚ್ಚಿ ನೋಡಿದೆ. ತುಪ್ಪದ್ದು ಒಂದು ಕೂದಲೆಳೆ ದೊಡ್ಡದು ಅನ್ನಿಸಿತು. ಭಕ್ತಿಗೋ ಬತ್ತಿಗೋ, ಹೇಳಲಾರೆ.

ಇಪ್ಪತ್ತು ದಿನ ಹೀಗೆ ನಡೆಯಿತು. ಅತ್ತೆ ಹಿಂದಿನಿಂದ ನೋಡುತ್ತಲೇ ಇದ್ದರಂತೆ.

“ಏನವಾ, ದೀಪಕ್ಕ ದೃಷ್ಟಿ ಹಚ್ಚಬೇಕಂತ ಮಾಡೀಯೇನ? ಅರ್ಧಾ ತಾಸಾತು ನೋಡಾಕ ಹತ್ತಿ.”

ಬಚ್ಚಿಡುವುದು ನನಗೆ ಬರುವುದಿಲ್ಲ. ಹೇಳಿಬಿಟ್ಟೆ. ಅತ್ತೆ ನಗಲಿಲ್ಲ. ಗೋಡೆ ಹಿಡಿದು ಎದ್ದು ಬಂದರು, ದೀಪ ನೋಡಿದರು, ನನ್ನ ಮುಖ ನೋಡಿದರು.

“ಬಾಲ್ಕನಿಗೆ ಹೋಗು. ಎದುರಿಗೆ ಹಾಲಿನ ಅಂಗಡಿ ಲೈಟ ಐತಲ್ಲ, ಅದಕ್ಕ ಬಳಿ ಐತೇನ ನೋಡು.”

ಹೋಗಿ ನೋಡಿದೆ. ಇತ್ತು.

“ಐತ್ರಿ ಅತ್ತಿ.”

“ರಸ್ತೇದಾಗ ಆಟೋ ಬರಾಕ ಹತ್ತೈತಿ. ಅದಕ್ಕ?”

ಅದಕ್ಕೂ ಇತ್ತು. ಸಾಲದ್ದಕ್ಕೆ ಆಟೋದ ದೀಪದಿಂದ ಬಿಳಿಯ ಗೆರೆಗಳು ನಾಲ್ಕೂ ಕಡೆ ಚಾಚಿದ್ದವು.

“ಹಂಗಾದ್ರ ನಿನ್ನ ದೇವರು ನಾಗಪುರದಾಗ ಆಟೋ ಹೊಡ್ಯಾಕ ಹತ್ಯಾನ,” ಎಂದರು ಅತ್ತೆ. “ನನಗೂ ಹಿಂಗ ಕಾಣತಿತ್ತು, ಕಣ್ಣಿಗೆ ಪೊರಿ ಬಂದಾಗ. ಆದ್ರ ನನಗ ಎಪ್ಪತ್ತಾಗಿತ್ತು. ನಿನಗ್ಯಾಕ ಇಷ್ಟು ಜಲ್ದಿ?”

ಆ ಪ್ರಶ್ನೆ ನನ್ನದೂ ಆಯಿತು. ಪ್ರಸಾದ ಹೋದ ದುಃಖಕ್ಕಿಂತ, ಸುಳ್ಳು ಹೇಳುವುದಿಲ್ಲ, ಕುತೂಹಲವೇ ಹೆಚ್ಚಾಗಿತ್ತು. ಒಂದು ದೀಪಕ್ಕೆ ಬಣ್ಣದ ಬಳೆ ತೊಡಿಸುವಷ್ಟು ಹಾಳಾಗುವುದೆಂದರೆ ಕಣ್ಣಿನೊಳಗೆ ಆಗಿರುವುದಾದರೂ ಏನು?

ಇಲ್ಲಿ ನನ್ನ ಮೈಯ ವಿಷಯ ಹೇಳಬೇಕು. ಚಿಕ್ಕಂದಿನಲ್ಲಿ ನಾನು ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ ಮುಂಗೈಗೆ ತಾಗಿಸುತ್ತಿದ್ದೆ. ಶಾಲೆಯ ಹುಡುಗಿಯರು ಪೇರಲ ಹಣ್ಣು ಕೊಟ್ಟು ಆ ಆಟ ನೋಡುತ್ತಿದ್ದರು. ದೊಡ್ಡವಳಾದ ಮೇಲೆ ಅದೇ ಮೈ ಬೇರೆ ಆಟ ತೋರಿಸಿತು. ಮೇಲಿನ ಹಲಗೆಯಿಂದ ಕುಕ್ಕರ್ ಇಳಿಸುವಾಗ ಭುಜ ಕೀಲಿನಿಂದ ಜಾರುತ್ತದೆ. ಕಿತ್ತಳೆ ಸುಲಿಯುವಾಗ ಹೆಬ್ಬೆರಳು ಜಾರುತ್ತದೆ, ಈ ಕಿತ್ತಳೆಯ ಊರಿನಲ್ಲಿ ಅದು ಸಣ್ಣ ಕಷ್ಟವಲ್ಲ. ಚರ್ಮಕ್ಕೆ ಗೀರು ಬಿದ್ದರೆ ಮಾಯಲು ತಿಂಗಳು ಬೇಕು, ಮಾದ ಮೇಲೆ ಕಲೆ ಉಳ್ಳಾಗಡ್ಡಿ ಸಿಪ್ಪೆಯಂತೆ ತೆಳ್ಳಗೆ ಉಳಿಯುತ್ತದೆ. ಇಲ್ಲಿಗೆ ಬಂದ ಮೇಲೆ ಒಬ್ಬ ದೊಡ್ಡ ಡಾಕ್ಟರು ಪರೀಕ್ಷಿಸಿ ಅದಕ್ಕೊಂದು ಉದ್ದ ಹೆಸರು ಹೇಳಿದರು. ಮೈಯ ಭಾಗಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನಂಥ ವಸ್ತು ನನ್ನಲ್ಲಿ ಹುಟ್ಟಿನಿಂದಲೇ ಸಡಿಲವಂತೆ. ಕೀಲು, ಚರ್ಮ, ರಕ್ತನಾಳ, ಎಲ್ಲ ಕಡೆಯೂ.

ನನಗೆ ತಕ್ಷಣ ತಿಳಿಯಿತು. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಎಷ್ಟು ನಾದಿದರೂ ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ. ಹಿಟ್ಟನ್ನು ಚೆಲ್ಲುತ್ತೇವೆಯೇ? ಕುದಿಯುವ ನೀರು ಹಾಕಿ ನಾದಿ, ಅಂಗೈ ಹಗುರ ಮಾಡಿ ಬಡಿದರೆ ಅದೂ ರೊಟ್ಟಿಯಾಗುತ್ತದೆ. ಇದನ್ನೇ ನನ್ನ ಅರೆಬರೆ ಮರಾಠಿಯಲ್ಲಿ ಡಾಕ್ಟರಿಗೆ ಹೇಳಿದೆ. ಅವರ ತಾಯಿಯೂ ಭಾಕ್ರಿ ಬಡಿಯುವವರಂತೆ. “ಬರೋಬರ್,” ಎಂದು ನಕ್ಕರು. ಆಮೇಲೆ, ಇದು ಮಕ್ಕಳಿಗೂ ಬರಬಹುದು ಎಂದರು. ಮನೆಗೆ ಬಂದು ಮಗಳ ಹೆಬ್ಬೆರಳು ಬಗ್ಗಿಸಿ ನೋಡಿದೆ. ಬೆಣ್ಣೆಯಂತೆ ಬಗ್ಗಿತು.

ಅಂದಿನಿಂದ ಆ ಹೆಸರು ನಮ್ಮ ಮನೆಯ ಬಾಗಿಲು ದಾಟಲಿಲ್ಲ. ಕೀಲು ಜಾರುವುದು ಪಕ್ಕದ ಮನೆಯ ಮರಾಠಿ ಹೆಂಗಸಿಗೆ ಗೊತ್ತಿತ್ತು, ತರಕಾರಿಯವನಿಗೂ ಗೊತ್ತಿತ್ತು. ಅವನೇ ಚೀಲ ಲಿಫ್ಟಿನವರೆಗೆ ತಂದಿಡುತ್ತಿದ್ದ. ಗೊತ್ತಾಗಬಾರದಿದ್ದದ್ದು ನಮ್ಮ ಕನ್ನಡದವರಿಗೆ. ಊರು ಇಷ್ಟು ದೊಡ್ಡದು, ಆದರೆ ಅದರಲ್ಲಿ ಕನ್ನಡದ ಮನೆಗಳು ಒಂದೇ ಓಣಿಯಲ್ಲಿದ್ದ ಹಾಗೆ. ಇಲ್ಲಿ ಸೀನಿದರೆ ಊರ ಆಚೆಯ ತುದಿಯಲ್ಲಿ ಕಷಾಯ ಕುದಿಯುತ್ತದೆ. ಹೆಣ್ಣು ಹುಡುಕುವವರೂ ಆ ಮನೆಗಳ ಮೂಲಕವೇ ಬರುವವರು.

ಆ ಮನೆಗಳ ಹೆಂಗಸರೇ ಸೇರಿ ಪ್ರತಿ ಶುಕ್ರವಾರ ಭಜನೆ ಮಾಡುತ್ತೇವೆ, ಹನ್ನೆರಡು ಹದಿಮೂರು ಜನ. ಹತ್ತು ವರ್ಷದಿಂದ ಹೋಗುತ್ತಿದ್ದೇನೆ. ಒಂದು ಮುನಿಸು ಮಾತ್ರ ನನಗಿತ್ತು, ಬರೆದುಬಿಡುತ್ತೇನೆ. ಗಾಂಧಿಬಾಗ್ ಪೇಟೆಯಿಂದ ತಂದ ದೊಡ್ಡ ಹಿತ್ತಾಳೆಯ ಆರತಿ ತಾಟು ಒಮ್ಮೆಯೂ ನನ್ನ ಕೈಗೆ ಬಂದಿರಲಿಲ್ಲ. ತಾಳವೂ ಬಂದಿರಲಿಲ್ಲ. ನಾನು ಕುಳಿತೊಡನೆ ಯಾರಾದರೂ ಒಂದು ಸಣ್ಣ ಗಂಟೆ ತಂದು ಮುಂದಿಡುತ್ತಿದ್ದರು, ಎಳೆಯ ಮಗುವಿನ ಮುಂದೆ ಗಿಲಕಿ ಇಟ್ಟ ಹಾಗೆ.

ಅತ್ತೆ ಬೆನ್ನು ಬಿಡದೆ ಕಳಿಸಿದರು, ಯಜಮಾನರ ಜೊತೆ ಕಣ್ಣಿನ ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸುವ ಕೌಂಟರಿನಲ್ಲಿ ಕಂಡ ಮುಖ ನೋಡಿ ಮೊದಲು ಸಂತೋಷವಾಯಿತು. ನಮ್ಮ ಶುಕ್ರವಾರದ ಭಜನೆಯವರೇ. ಯಾವುದೋ ಆಸ್ಪತ್ರೆಯಲ್ಲಿ ಕೆಲಸವೆಂದು ಗೊತ್ತಿತ್ತು, ಇದೇ ಎಂದು ಗೊತ್ತಿರಲಿಲ್ಲ.

“ಬರ್ರಿ ಬರ್ರಿ ಅಕ್ಕಾರ. ಏನು, ಕಣ್ಣು ತೋರಸಾಕ ಬಂದ್ರೇನು ನನ್ನ ನೋಡಾಕ ಬಂದ್ರೇನು?”

“ಎರಡೂ ಅನ್ಕೋರಿ.”

ಅವರೇ ಫಾರ್ಮು ತುಂಬಿದರು. ಹೆಸರು, ವಯಸ್ಸು, ಫೋನು. ಹದಿನೈದು ಜನ ಕುಳಿತಿದ್ದ ಕೋಣೆಯಲ್ಲಿ ಅಚ್ಚ ಕನ್ನಡದಲ್ಲಿ ಕೇಳಿದರು, “ಬ್ಯಾರೆ ಬ್ಯಾನಿ ಏನರ ಅದಾವೇನ್ರಿ? ಶುಗರ್, ಬಿಪಿ? ಹುಟ್ಟಿನಿಂದ ಬಂದದ್ದು ಏನರ?”

ಕೇಳಿದ್ದು ಮರಾಠಿಯಲ್ಲಾಗಿದ್ದರೆ ಹೇಳುತ್ತಿದ್ದೆ. ಅಪರಿಚಿತರಾಗಿದ್ದರೆ ಹೆಬ್ಬೆರಳು ಬಗ್ಗಿಸಿಯೇ ತೋರಿಸುತ್ತಿದ್ದೆ. ಆದರೆ ಆ ವಾರವಷ್ಟೇ ಸೊಲ್ಲಾಪುರದ ಒಂದು ಮನೆಯಿಂದ ಮಗಳ ಬಗ್ಗೆ ವಿಚಾರಿಸಿದ್ದರು, ಅದೂ ಭಜನೆಯವರೊಬ್ಬರ ಮೂಲಕ. ನಾನು ಯಜಮಾನರ ಮುಖ ನೋಡಿದೆ, ಅವರು ಗೋಡೆಯ ಮೇಲಿನ ಕಣ್ಣಿನ ಚಿತ್ರ ನೋಡಿದರು.

“ಏನಿಲ್ರಿ,” ಎಂದೆ.

ಅವರು ಅಲ್ಲೊಂದು ಅಡ್ಡಗೆರೆ ಎಳೆದರು.

ಒಳಗೆ ಡಾಕ್ಟರು, ನನಗಿಂತ ಚಿಕ್ಕ ಹೆಣ್ಣುಮಗಳು, ಕಣ್ಣಿಗೆ ಹನಿ ಹಾಕಿಸಿ, ಗದ್ದವನ್ನು ಯಂತ್ರದ ಮೇಲಿಡಿಸಿ ಬಹಳ ಹೊತ್ತು ನೋಡಿದರು. ಎರಡೂ ಕಣ್ಣಿಗೆ ಮೋತಿಬಿಂದು, ಅದೇ ಅತ್ತೆ ಹೇಳಿದ ಪೊರೆ, ಬಲಗಣ್ಣಿಗೆ ಹೆಚ್ಚು. “ಇಷ್ಟು ಬೇಗ ಯಾಕೆ ಬಂತು? ಸಕ್ಕರೆ ಕಾಯಿಲೆ ಇಲ್ಲ, ಪೆಟ್ಟು ಬಿದ್ದಿಲ್ಲ?” ಎಂದು ತಮಗೇ ಕೇಳಿಕೊಂಡವರ ಹಾಗೆ ಕೇಳಿದರು. ಉತ್ತರ ನನ್ನ ಬಾಯಲ್ಲಿತ್ತು, ನುಂಗಿಕೊಂಡೆ. ಮೊದಲು ಬಲಗಣ್ಣು, ಹತ್ತು ದಿನ ಬಿಟ್ಟು ಆಪರೇಶನ್ ಎಂದರು. ಹದಿನೈದು ನಿಮಿಷದ ಕೆಲಸ, ಕಣ್ಣಿಗೆ ಹನಿ ಹಾಕಿಯೇ ಮರಗಟ್ಟಿಸುತ್ತೇವೆ, ಹೊಲಿಗೆಯೂ ಬೇಕಾಗುವುದಿಲ್ಲ.

ಮರಗಟ್ಟಿಸುತ್ತೇವೆ ಎಂದಾಗ ನನ್ನ ಕೈ ತಾನಾಗಿ ದವಡೆಗೆ ಹೋಯಿತು. ಹಿಂದೆ ಹಲ್ಲು ಕೀಳಿಸುವಾಗ ಎರಡು ಸೂಜಿ ಚುಚ್ಚಿದರೂ ನನ್ನ ದವಡೆ ಮರಗಟ್ಟಿರಲಿಲ್ಲ. ನನ್ನಂಥ ಮೈಯವರಿಗೆ ಹಾಗಾಗುವುದುಂಟು, ಯಾವ ಡಾಕ್ಟರಿಗೂ ಮೊದಲೇ ಹೇಳಿಬಿಡಿ ಎಂದು ಆ ದೊಡ್ಡ ಡಾಕ್ಟರು ಸಾರಿ ಹೇಳಿದ್ದರು. ಹೊಲಿಗೆಯ ವಿಷಯವೂ ಅಷ್ಟೇ. ನನ್ನ ಗಾಯ ತಾನಾಗಿ ಕೂಡುವ ಗಾಯವಲ್ಲ.

ಆ ಹತ್ತು ದಿನ ನಾನು ಎರಡು ಮನಸ್ಸಿನಲ್ಲಿದ್ದೆ. ಒಂದು ಮನಸ್ಸು ಹೆದರುತ್ತಿತ್ತು, ಇನ್ನೊಂದು ಕುತೂಹಲ ಬಿಡಲೊಲ್ಲದು. ಏಕಾದಶಿಯ ದಿನ ಸಾಬೂದಾಣಿ ನೆನೆಹಾಕಿದ್ದೆ. ಹಸಿಯ ಕಾಳು ಬಿಳಿ ಮುತ್ತಿನ ಹಾಗೆ, ಅದರಾಚೆ ಏನೂ ಕಾಣದು. ಬೆಂದ ಮೇಲೆ ಗಾಜು. ಒಂದು ಬೆಂದ ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ಅದರ ಮೂಲಕ ಕಿಟಕಿ ನೋಡಿದೆ. ನನ್ನ ಕಣ್ಣಿನಲ್ಲಿ ಆಗುತ್ತಿರುವುದು ಇದರ ಉಲ್ಟಾ, ಗಾಜಾಗಿದ್ದದ್ದು ಮುತ್ತಾಗುತ್ತಿದೆ. ಮೋತಿಬಿಂದು, ಮುತ್ತಿನ ಹನಿ ಎಂದು ಹೆಸರಿಟ್ಟವರೂ ಯಾರೋ ಅಡಿಗೆಮನೆಯವರೇ ಇರಬೇಕು.

“ಉಪ್ಪಿಟ್ಟು ಮಾಡ್ತೀಯೋ ಕಾಳಿನ ಜಾತಕ ನೋಡ್ತೀಯೋ?” ಎಂದು ಅತ್ತೆ ಕೇಳಿದರು. ಅವರಿಗೆ ಉಪವಾಸದ ದಿನ ಹಸಿವು ಹೆಚ್ಚು.

“ಅತ್ತಿ, ನಿಮಗ ಆಪರೇಶನ್ ಆದ ಮ್ಯಾಲ ಮೊದಲ ಏನು ಕಾಣ್ತು?”

“ನಿನ್ನ ಅಡಗಿಮನಿ. ಎಷ್ಟು ಜಿಡ್ಡಾಗೈತಿ ಅಂತ ಅವತ್ತ ಗೊತ್ತಾತು. ಅಲ್ಲೀತನಕ ನನ್ನ ಸೊಸಿ ಭಾಳ ಸ್ವಚ್ಛ ಅಂತ ನಾಕು ಮಂದಿ ಮುಂದ ಹೊಗಳಿಟ್ಟಿದ್ದೆ.”

ಕಣ್ಣು ದಿನದಿನಕ್ಕೆ ಮಂಕಾಗುತ್ತಿತ್ತು. ಅಕ್ಕಿಯ ಕಲ್ಲು ಕಾಣುತ್ತಿರಲಿಲ್ಲ, ಕೈಯಾಡಿಸಿ ಹುಡುಕುತ್ತಿದ್ದೆ. ಬಿಸಿಲಿಗೆ ಹೊರಬಿದ್ದರೆ ರಸ್ತೆಯ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬರೀ ಬಿಳುಪು. ಮೆಟ್ಟಿಲು ಎಲ್ಲಿ ಮುಗಿಯಿತೆಂದು ತಿಳಿಯದೆ ಕಾಲಿಟ್ಟರೆ ಮೊಣಕಾಲು ಜಾರುತ್ತಿತ್ತು. ಬೇರೆಯವರಿಗೆ ಕಣ್ಣು ನೋಡುವುದಕ್ಕೆ, ನನಗೆ ನೆಟ್ಟಗೆ ನಿಲ್ಲುವುದಕ್ಕೂ ಕಣ್ಣೇ ಬೇಕು. ಸಡಿಲ ಕೀಲುಗಳಿಗೆ ಎಲ್ಲಿ ಏನಿದೆ ಎಂದು ಹೇಳುವುದು ಅದೇ. ಇದು ಕಣ್ಣು ಮಂಜಾದ ಮೇಲಷ್ಟೇ ತಿಳಿದದ್ದು. ಈ ಬಲಗಣ್ಣು ಹೋದರೆ ನಾನು ಮನೆಯೊಳಗೂ ಯಾರದಾದರೂ ಕೈ ಹಿಡಿದೇ ಓಡಾಡಬೇಕು.

ದೇವರನ್ನು ಕೇಳಿದೆ, ಹೇಳಲೋ ಬೇಡವೋ ಎಂದು. ದೇವರು ಏನೂ ಹೇಳಲಿಲ್ಲ. ಅತ್ತೆ ಹೇಳಿದರು.

ಆಪರೇಶನ್‌ಗೆ ಮೂರು ದಿನ ಮೊದಲು ಕಣ್ಣಿನ ಅಳತೆಗೆ ಕರೆದಿದ್ದರು. ಆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟು ಹಳೆಯದು, ಅಂಚು ಸೀಳುತ್ತಲೇ ಇತ್ತು. ಅತ್ತೆ ಬಾಗಿಲಲ್ಲಿ ಕುಳಿತು ಮೆಂತ್ಯ ಸೋಸುತ್ತಿದ್ದವರು ತಲೆ ಎತ್ತದೆ ಕೇಳಿದರು.

“ಡಾಕ್ಟರಿಗೆ ನಿನ್ನ ಸಂದು ಜಾರೂದು ಹೇಳೀಯೇನ?”

“ಇಲ್ರಿ.”

“ಯಾಕ?”

“ಕೌಂಟರಿನ್ಯಾಗ ನಮ್ಮ ಭಜನಿಯವ್ರು ಅದಾರ. ಸೊಲ್ಲಾಪುರದವ್ರಿಗೆ ಸುದ್ದಿ ಹೋದ್ರ?”

ಅತ್ತೆ ಮೆಂತ್ಯದ ಎರಡು ಕಟ್ಟು ಸೋಸಿ ಮುಗಿಸಿದರು. ಆಮೇಲೆ ಹೇಳಿದರು, “ನಿಮ್ಮವ್ವ ನನಗ ಹೇಳಿದ್ಲೇನು?”

ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

“ನಿಶ್ಚಯಕ್ಕ ಬಂದಾಗ ಹುಡಿಗಿ ಮೈ ಭಾಳ ಮೆತ್ತಗ ಅಂದ್ಲು, ಅಷ್ಟ. ಮದಿವ್ಯಾಗಿ ತಿಂಗಳಾಗಿಲ್ಲ, ಬಾವಿಯಿಂದ ನೀರು ಸೇದೂವಾಗ ನಿನ್ನ ಮೊಣಕೈ ಕಳಚಿತು. ನಾನ ಎಳದು ಕೂಡಿಸಿದೆ. ನೆನಪೈತಿ?”

“ಐತ್ರಿ.”

“ಅವತ್ತ ನಿನ್ನ ವಾಪಸ್ ಕಳಿಸಿದ್ನೇನು? ಹಗ್ಗ ನಾ ಹಿಡಕೊಂಡೆ. ಆದ್ರ ಒಂದು ಮಾತು ಹೇಳ್ತೀನಿ. ಇಪ್ಪತ್ನಾಕು ವರ್ಷಾತು, ನಿಮ್ಮವ್ವ ಹೇಳಲಿಲ್ಲಲ್ಲ ಅನ್ನೂದು ಇನ್ನೂ ಇಲ್ಲೆ ಕುಂತೈತಿ.” ಎದೆಯ ಮೇಲೆ ಬೆರಳಿಟ್ಟು ತೋರಿಸಿದರು. “ಸಂದು ಜಾರಿದ್ದಕ್ಕ ನನಗ ಸಿಟ್ಟು ಬರಲಿಲ್ಲ. ಮುಚ್ಚಿಟ್ಟದ್ದಕ್ಕ ಬಂತು.”

ಆ ಸೀಳಿದ ರೊಟ್ಟಿಯನ್ನು ಬೇಯಿಸಿ ಅತ್ತೆಯ ತಾಟಿಗೆ ಹಾಕಿದೆ. “ಸೀಳಿದ್ದು ನನಗ ಹಾಕು, ನೆಟ್ಟಗಿರೂದು ಮಗನಿಗಿಡು,” ಎಂದು ಗೊಣಗುತ್ತ ತಿಂದರು.

ಹೊರಡುವಾಗ ಮಗಳಿಗೆ ಹೇಳಿದೆ, ನಾನು ಹೇಳಿಬಿಡುತ್ತೇನೆ, ನಿನ್ನ ಸಂಬಂಧಕ್ಕೆ ಅಡ್ಡಿಯಾದೀತು ಎಂದು. ಅವಳು ಶಾಲೆಯ ನೋಟುಬುಕ್ಕು ತಿದ್ದುತ್ತಿದ್ದಳು.

“ಅವ್ವಾ, ಕ್ಲಾಸಿನ್ಯಾಗ ಫಳೀ ಮ್ಯಾಲ ಬರೀವಾಗ ನನ್ನ ಬೆರಳು ಹಿಂದ ಬಾಗೂದು ಐದನೇತ್ತೆ ಪೋರರಿಗೆಲ್ಲ ಗೊತ್ತೈತಿ. ರೋಜ್ ಮಾಡಿ ತೋರ್ಸು ಅಂತಾವ. ನೀ ಯಾರಿಗೆ ಮುಚ್ಚಿಡಾಕ ಹತ್ತೀ?”

ನಮ್ಮ ಮನೆಯಲ್ಲಿ ಗುಟ್ಟು ಕಾಯುತ್ತಿದ್ದವಳು ನಾನೊಬ್ಬಳೇ ಎಂದು ಅಲ್ಲಿಗೆ ತಿಳಿಯಿತು.

ಕೌಂಟರಿನ ಮುಂದೆ ನಿಂತಾಗ ಕೋಣೆಯಲ್ಲಿ ಹೋದ ಸಲದಷ್ಟೇ ಜನ. ಕನ್ನಡ ತಿಳಿದವರು ಅವರೊಬ್ಬರೇ, ಹೇಳುವುದು ಕಷ್ಟವಾದದ್ದೂ ಅದಕ್ಕೇ.

“ಅಕ್ಕಾರ, ಅವತ್ತು ಫಾರ್ಮಿನ್ಯಾಗ ಏನಿಲ್ಲ ಅಂತ ಬರಸಿದ್ನಲ್ಲ, ಅದು ಸುಳ್ಳು,” ಎಂದೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಕೀಲು, ಚರ್ಮ, ಮರಗಟ್ಟದ ದವಡೆ, ಮಗಳಿಗೂ ಇರಬಹುದು ಎಂಬುದು.

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಅದಕ್ಕೊಂದು ಹೆಸರು ಐತಿ ಅನ್ನೂದು ಗೊತ್ತಿರಲಿಲ್ರಿ. ಉಳದದ್ದು ಗೊತ್ತಿತ್ತು.”

“ಗೊತ್ತಿತ್ತು?”

“ನೀವು ಬಂದ ಮೊದಲನೇ ವರ್ಷ ಆರತಿ ಮಾಡೂವಾಗ ನಿಮ್ಮ ಭುಜ ಕಟ್ ಅಂದಿತ್ತು. ನೀವು ಯಾರಿಗೂ ಗೊತ್ತಾಗಿಲ್ಲ ಅಂತ ಸೆರಗು ಹೊದ್ದು ಕುಂತ್ರಿ. ಬೆವರು ಇಳ್ಯಾಕ ಹತ್ತಿತ್ತು. ಅವತ್ತಿಂದ ನಾವ ಮಾತಾಡಿಕೊಂಡೇವಿ, ಅಕ್ಕಾರಿಗೆ ತಾಟು ಬ್ಯಾಡ, ತಾಳ ಬ್ಯಾಡ, ಸಣ್ಣ ಗಂಟಿ ಕೊಡೂದು ಅಂತ.”

ಹಾಗಾದರೆ ಒಮ್ಮೆ ತಾಟು ಬಂದಿತ್ತು. ಅದನ್ನು ಮರೆತೇಬಿಟ್ಟಿದ್ದೆ. ಇಲ್ಲ, ಮರೆತದ್ದಲ್ಲ, ಅದು ನಡೆದೇ ಇಲ್ಲವೆಂದು ಇಟ್ಟುಕೊಂಡಿದ್ದೆ. ಹತ್ತು ವರ್ಷದ ಮುನಿಸನ್ನು ಆ ಹೊತ್ತಿನಲ್ಲಿ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಹತ್ತು ವರ್ಷ, ವಾರಕ್ಕೊಂದು ಉಪಕಾರ, ಒಂದನ್ನೂ ನಾನು ಎಣಿಸಿರಲಿಲ್ಲ.

ಅವರು ಅಡ್ಡಗೆರೆಯನ್ನು ಹೊಡೆದುಹಾಕಿ ಅಲ್ಲೇ ಸಣ್ಣಕ್ಷರದಲ್ಲಿ ಎಲ್ಲ ಬರೆದುಕೊಂಡರು. ಆಮೇಲೆ ಫಾರ್ಮು ಹಿಡಿದು ತಾವೇ ಒಳಗೆ ಹೋದರು.

ಡಾಕ್ಟರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರಿಗೆ ನನಗಿಂತ ಹೆಚ್ಚು ಕುತೂಹಲ. ಹೆಬ್ಬೆರಳು ತೋರಿಸಿ ಎಂದರು. ತೋರಿಸಿದೆ. ಹನಿ ಹಾಕುವ ನರ್ಸು ಬಂದು ನೋಡಿದಳು, ಕನ್ನಡಕ ಅಳೆಯುವವನು ಬಂದ. ಎರಡು ನಿಮಿಷದಲ್ಲಿ ಎಲ್ಲರೂ ತಂತಮ್ಮ ಹೆಬ್ಬೆರಳು ಬಗ್ಗಿಸಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಪೇರಲ ಹಣ್ಣು ಮಾತ್ರ ಯಾರೂ ಕೊಡಲಿಲ್ಲ.

ನಂತರ ಡಾಕ್ಟರು ಮತ್ತೆ ಯಂತ್ರದ ಮುಂದೆ ಕೂರಿಸಿ, ಕಣ್ಣನ್ನು ಆ ಕಡೆ ಈ ಕಡೆ ಹೊರಳಿಸಿ ಗಕ್ಕನೆ ನಿಲ್ಲಿಸಿ ಎಂದರು. ಮೂರು ಸಲ ಮಾಡಿಸಿದರು. ಹುಡುಕಿದರಷ್ಟೇ ಕಾಣುವಂಥದು ಅಲ್ಲೊಂದಿತ್ತು. ಕಣ್ಣಿನ ಲೆನ್ಸನ್ನು ಸುತ್ತಲಿಂದ ನವಿರಾದ ಎಳೆಗಳು ಹಿಡಿದಿರುತ್ತವಂತೆ, ತೊಟ್ಟಿಲಿನ ಹಗ್ಗದ ಹಾಗೆ. ನನ್ನವು ಸಡಿಲ. ಕಣ್ಣು ನಿಂತರೂ ತೊಟ್ಟಿಲು ತುಸು ತೂಗುತ್ತಿತ್ತು. ಗೊತ್ತಿಲ್ಲದೆ ಕೈ ಹಾಕಿದ್ದರೆ ಲೆನ್ಸು ಕಣ್ಣಿನ ಒಳಗೇ ಬಿದ್ದುಹೋಗಬಹುದಿತ್ತು ಎಂದರು.

“ಈಗ ಗೊತ್ತಾಯಿತಲ್ಲ,” ಎಂದು ಕಾಗದದ ಮೇಲೆ ಒಂದು ಗುಂಡು ಬರೆದು ಅದರೊಳಗೆ ಇನ್ನೊಂದು ಗುಂಡು ಬರೆದರು. ಪೊರೆ ತೆಗೆದ ಮೇಲೆ ಲೆನ್ಸಿನ ಖಾಲಿ ಚೀಲ ಕುಸಿಯದಂತೆ ಅದರೊಳಗೆ ಸಣ್ಣದೊಂದು ರಿಂಗು ಕೂರಿಸುತ್ತಾರಂತೆ. ರಿಂಗು ಎಂದರೆ ನನಗೆ ತಿಳಿಯದೇ ಹೋದೀತೆಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು, “ಛೋಟೀಶಿ ಬಾಂಗಡೀ.”

ಬಾಂಗಡಿ ಎಂದರೆ ಬಳೆ. ನಾನು ನಕ್ಕುಬಿಟ್ಟೆ. ಏಕೆಂದು ಕೇಳಿದರು. ದೀಪದ ಬಳೆಯ ಕತೆ ಹೇಳಿದೆ. ಆಟೋದ ಮಾತು ಬಂದಾಗ ಅವರೂ ನಕ್ಕರು. ನಿಮ್ಮ ಅತ್ತೆಯನ್ನು ನಮ್ಮಲ್ಲಿ ಕೆಲಸಕ್ಕೆ ಕಳಿಸಿ ಎಂದರು.

ಆಪರೇಶನ್ ಮೂರು ವಾರ ಮುಂದೆ ಹೋಯಿತು. ಇಂಥ ಕಣ್ಣುಗಳನ್ನು ಮಾಡಿ ಅನುಭವವಿದ್ದ ಹಿರಿಯ ಡಾಕ್ಟರೊಬ್ಬರನ್ನು ಆ ದಿನಕ್ಕೆ ಕರೆಸಿದರು. ಬರೀ ಹನಿ ಸಾಲದೆಂದು ಸೂಜಿ ಹಾಕಿದರು. ನನ್ನ ಕಣ್ಣು ಮರಗಟ್ಟಲು ಮೂರು ಸಲ ಬೇಕಾಯಿತು. ಪ್ರತಿ ಸಲವೂ “ಈಗ?” ಎಂದು ಕೇಳಿ, ನಾನು “ಇನ್ನೂ ಗೊತ್ತಾಗುತ್ತಿದೆ” ಎಂದರೆ ನಂಬಿದರು. ನಂಬಿದ್ದು ದೊಡ್ಡದು. ಹಲ್ಲು ಕಿತ್ತ ದಿನ ಯಾರೂ ನಂಬಿರಲಿಲ್ಲ.

ಒಳಗೆ ಏನು ಕಂಡಿತು ಎಂದು ಎಲ್ಲರೂ ಕೇಳುತ್ತಾರೆ. ಕತ್ತಲೆ ಇರಲಿಲ್ಲ. ಕೆರೆಯ ತಳದಲ್ಲಿ ಅಂಗಾತ ಮಲಗಿ ಸೂರ್ಯನನ್ನು ನೋಡಿದ ಹಾಗೆ ಮೂರು ದೀಪಗಳು ಅಲುಗಾಡುತ್ತಿದ್ದವು. ಒಮ್ಮೆ ನೀಲಿ ಹರಡಿತು, ಒಮ್ಮೆ ಅರಿಶಿನದ ನೀರು ಬಗ್ಗಿಸಿದಂತಾಯಿತು. ಒಂದು ಗಳಿಗೆಯಲ್ಲಿ ಎಲ್ಲವೂ ಕಲಸಿ, ಏನೂ ಆಕಾರವಿಲ್ಲದ ಬೆಳಕಷ್ಟೇ ಉಳಿಯಿತು. ಜಪ ಮಾಡಬೇಕೆಂದು ಹೋದವಳು ನೋಡುವುದರಲ್ಲಿ ಜಪ ಮರೆತೆ. “ಬಾಂಗಡೀ ಬಸಲೀ,” ಎಂದು ಯಾರೋ ಹೇಳಿದ್ದು ಕೇಳಿತು, ಬಳೆ ಕೂತಿತು ಎಂದು. ಎರಡು ಹೊಲಿಗೆ ಹಾಕಿದರು.

ಮರುದಿನ ಪಟ್ಟಿ ಬಿಚ್ಚಿದಾಗ ಡಾಕ್ಟರ ಕೊರಳಿನ ಕರಿಮಣಿ ಒಂದೊಂದಾಗಿ ಕಂಡಿತು. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ತಡೆದರು.

“ಮೊದಲ ಅಡಗಿಮನಿ ನೋಡು.”

ನೋಡಿದೆ. ಒಪ್ಪಿಕೊಳ್ಳಬೇಕಾಯಿತು, ಜಿಡ್ಡಿತ್ತು.

ಗಾಯ ಮಾಯಲು ಬೇರೆಯವರಿಗಿಂತ ಎರಡರಷ್ಟು ದಿನ ಹಿಡಿಯಿತು. ಎಡಗಣ್ಣು ಇನ್ನೂ ಹಾಗೇ ಇದೆ, ಬಲಗಣ್ಣು ಪೂರ್ತಿ ಗಟ್ಟಿಯಾದ ಮೇಲೆ ನೋಡೋಣ ಎಂದಿದ್ದಾರೆ. ಹೀಗಾಗಿ ಸದ್ಯ ನನಗೆ ಎರಡು ದೀಪಗಳು. ಎಡಗಣ್ಣು ಮುಚ್ಚಿದರೆ ಜೋಳದ ಕಾಳಿನಷ್ಟು ಚೊಕ್ಕ ಜ್ಯೋತಿ, ಬುಡದಲ್ಲಿ ನೀಲಿ, ಬತ್ತಿಯ ತುದಿಯ ಕರಿ ಸಹಿತ. ಬಲಗಣ್ಣು ಮುಚ್ಚಿದರೆ ಅದೇ ದೀಪಕ್ಕೆ ಹಳೆಯ ಬಳೆ. ಕಾರಣ ಗೊತ್ತಾದ ಮೇಲೂ ಅದು ಚಂದವೇ ಇದೆ. ಕೊಟ್ಟವನು ದೇವರೇ ಎಂದು ಈಗಲೂ ಅನ್ನುತ್ತೇನೆ, ಅತ್ತೆಯ ಎದುರು ಮಾತ್ರ ಅನ್ನುವುದಿಲ್ಲ.

ಸೊಲ್ಲಾಪುರದವರಿಗೆ ಯಜಮಾನರೇ ಫೋನು ಮಾಡಿ ಇದ್ದದ್ದನ್ನು ಹೇಳಿದರು. ವಿಚಾರ ಮಾಡಿ ತಿಳಿಸುತ್ತೇವೆ ಎಂದಿದ್ದಾರೆ. ವಿಚಾರ ಮಾಡಲಿ.

ಆಪರೇಶನ್ ಆಗಿ ಆರು ವಾರಕ್ಕೆ ಮತ್ತೆ ಶುಕ್ರವಾರದ ಭಜನೆಗೆ ಹೋದೆ. ಕುಳಿತೊಡನೆ ಕೌಂಟರಿನ ಅಕ್ಕ ಸಣ್ಣ ಗಂಟೆ ತಂದು ಮುಂದಿಟ್ಟರು. ಎರಡೂ ಕೈಯಿಂದ ತೆಗೆದುಕೊಂಡೆ.

ಆರತಿಗೆ ಎಲ್ಲರೂ ಎದ್ದು ನಿಂತೆವು. ತಾಟು ಎಂದಿನಂತೆ ಮಂಡಳಿಯ ಹಿರಿಯಜ್ಜಿಯ ಕೈಯಲ್ಲಿತ್ತು. ಹತ್ತು ವರ್ಷ ನಾನು ಹೊಟ್ಟೆಕಿಚ್ಚಿನಿಂದ ನೋಡಿದ ಕೈ ಅದು. ಗಂಟೆ ಬಾರಿಸುತ್ತ ಹೊಸ ಕಣ್ಣಿನಿಂದ ನೋಡಿದೆ. ಅಜ್ಜಿಯ ಮುಂಗೈ ನಡುಗುತ್ತಿತ್ತು. ತಾಟಿನ ಕೆಳಗೆ, ಸೆರಗಿನ ಮರೆಯಲ್ಲಿ, ಇನ್ನೊಂದು ಅಂಗೈ ಇತ್ತು. ಕೌಂಟರಿನ ಅಕ್ಕ ಪಕ್ಕದಲ್ಲಿ ನಿಂತು, ಹಾಡುತ್ತ, ಎತ್ತಲೋ ನೋಡುತ್ತ, ತಾಟಿನ ಭಾರವನ್ನೆಲ್ಲ ಹಿಡಿದಿದ್ದರು.

ಆರತಿ ಮುಗಿದ ಮೇಲೆ ಮೆಲ್ಲಗೆ ಕೇಳಿದೆ, “ಎಷ್ಟು ದಿನದಿಂದ ಹಿಂಗ ಹಿಡೀತೀರಿ?”

“ನೀವು ಬರೂಕಿಂತ ಮೊದಲಿಂದ್ರಿ,” ಎಂದರು. “ಅಜ್ಜಿಗೆ ಹೇಳಬ್ಯಾಡ್ರಿ ಮತ್ತ. ತಾನ ಹಿಡಿದೇನಿ ಅಂತ ತಿಳಕೊಂಡಾಳ.”